ಕಂಪ್ಯೂಟರಿನ ಬಾಯಿ ಮುಚ್ಚಲು ಬಿಡದ ಮನೋರಮಕ್ಕ

ಬೆಳಗ್ಗೆ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಮಣಿಪಾಲದ ಹಾಸ್ಟೆಲುಗಳಲ್ಲಿ ಮಕ್ಕಳು ಮಗ್ಗುಲು ಬದಲಿಸುವ ಹೊತ್ತು. ಮಟ್ಟುವಿನಿಂದ ಸ್ಕೂಟರಿನಲ್ಲಿ ಬಂದ ಮನೋರಮಾ ತಮ್ಮ ಕಂಪನಿಯ ಅರ್ಧ ಎತ್ತಿದ ಶಟರಿನ ಕೆಳಗೆ ಬಗ್ಗಿ ಒಳಗೆ ಬರುತ್ತಾರೆ. ಒದ್ದೆ ರೈನ್‌ಕೋಟನ್ನು ಮೆಟ್ಟಿಲ ಕಂಬಿಗೆ ನೇತುಹಾಕಿ, ಎರಡನೇ ಮಹಡಿಯ ಮೂಲೆಯ ಕಂಪ್ಯೂಟರಿನ ಮುಂದೆ ಕೂತು, ಒಂದೇ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತುತ್ತಾರೆ. ಪರದೆಯ ಮೇಲೆ ಬಿಳಿ ಅಕ್ಷರದ ಸಾಲುಗಳು ಓಡತೊಡಗುತ್ತವೆ. ಇನ್ನು ನಲವತ್ತೊಂದು ನಿಮಿಷ ಅವು ಓಡುತ್ತಲೇ ಇರುತ್ತವೆ.

ಆ ನಲವತ್ತೊಂದು ನಿಮಿಷ ಅವರು ಕುರ್ಚಿ ಬಿಟ್ಟು ಏಳುವುದಿಲ್ಲ. ನಿನ್ನೆಯ ಅಕ್ಕಿ ಕಡುಬು ಪುಂಡಿಗೆ ಒಗ್ಗರಣೆ ಹಾಕಿ ತಂದ ಸ್ಟೀಲ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ನೋಡುತ್ತಾರೆ. ಬಿಳಿ ಸಾಲುಗಳ ನಡುವೆ ಕೆಂಪು ಬಣ್ಣದ್ದೊಂದು ಬಂದರೆ ಬಾಯಿಗೆ ಹೋಗುತ್ತಿದ್ದ ಕೈ ಅಲ್ಲೇ ನಿಲ್ಲುತ್ತದೆ. ಕೊನೆಗೆ ಓಟ ಮುಗಿದಾಗ ಪರದೆಯ ಅಡಿಯಲ್ಲಿ ಒಂದು ಅಂಕಿ ಉಳಿಯುತ್ತದೆ: ಅರವತ್ತೊಂದು. "ನಿನ್ನೆ ಅರವತ್ತನಾಲ್ಕು ಇತ್ತು" ಎಂದು ಅವರು ಹೇಳುವುದು ಯಾರಿಗೂ ಅಲ್ಲ, ಡಬ್ಬಿಯ ಮುಚ್ಚಳಕ್ಕೆ.

ಇವತ್ತು ಜುಲೈ ಇಪ್ಪತ್ತೆರಡು. ಆಗಸ್ಟ್ ಒಂದಕ್ಕೆ ಮೀನುಗಾರಿಕೆಯ ನಿಷೇಧ ಮುಗಿದು ದೋಣಿಗಳು ಕಡಲಿಗಿಳಿಯುತ್ತವೆ. ಅಷ್ಟರೊಳಗೆ ಮಲ್ಪೆ ಬಂದರಿನಲ್ಲಿ ನಿಂತಿರುವ ಮುನ್ನೂರ ಹನ್ನೆರಡು ದೋಣಿಗಳ ಪೆಟ್ಟಿಗೆಗೆ ಹೊಸ ಸಾಫ್ಟ್‌ವೇರ್ ಹಾಕಿಕೊಡುವುದಾಗಿ ಕಂಪನಿ ಮಾತು ಕೊಟ್ಟಿದೆ. ಆದರೆ ಆ ಅರವತ್ತೊಂದು ಎಚ್ಚರಿಕೆಗಳಲ್ಲಿ ಒಂದು ಬಾಕಿ ಉಳಿದರೂ ಸಾಫ್ಟ್‌ವೇರ್ ಹೊರಗೆ ಹೋಗುವುದಿಲ್ಲ. ಹೋಗದಂತೆ ತಡೆದಿರುವುದು ಒಂದು ಫೈಲಿನ ಒಂದು ಸಾಲು. ಆ ಸಾಲನ್ನು ಹತ್ತು ದಿನದ ಮಟ್ಟಿಗೆ ತೆಗೆಯಿರಿ ಎಂದು ಮೇಲಿನವರು ಹೇಳಿದ್ದಾರೆ. ತೆಗೆಯುವುದಿಲ್ಲ ಎಂದು ಮನೋರಮಾ ಹೇಳಿದ್ದಾರೆ. ಅದಕ್ಕೇ ಇವತ್ತು ಹತ್ತೂವರೆಗೆ ಮೀಟಿಂಗ್ ಕರೆದಿದ್ದಾರೆ.

ಪೆಟ್ಟಿಗೆ ಎಂದರೆ ದೊಡ್ಡದೇನಲ್ಲ, ಊಟದ ಬುತ್ತಿಯಷ್ಟು ಗಾತ್ರದ್ದು. ದೋಣಿ ಎಲ್ಲಿದೆ ಎಂದು ಗಂಟೆಗೆ ಕೆಲವು ಸಲ ದಡಕ್ಕೆ ತಿಳಿಸುತ್ತದೆ; ಅಪಾಯವಾದರೆ ಒತ್ತಲು ಒಂದು ಕೆಂಪು ಗುಂಡಿ ಇದೆ. ಅದರೊಳಗೆ ಆರುನೂರ ನಲವತ್ತು ಫೈಲುಗಳಷ್ಟು ಪ್ರೋಗ್ರಾಮ್. ಮನುಷ್ಯರು ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವ ಭಾಷೆಗೆ ಇಳಿಸುವ ಸಾಫ್ಟ್‌ವೇರಿಗೆ ಕಂಪೈಲರ್ ಎನ್ನುತ್ತಾರೆ. ಬರೆದದ್ದು ಪೂರಾ ತಪ್ಪಿದ್ದರೆ ಕಂಪೈಲರ್ ಕೆಲಸ ನಿಲ್ಲಿಸುತ್ತದೆ. ತಪ್ಪೋ ಸರಿಯೋ ಎಂಬ ಅನುಮಾನ ಬಂದರೆ ಮಾತ್ರ ಒಂದು ಎಚ್ಚರಿಕೆ ಹೇಳಿ ಮುಂದೆ ಹೋಗುತ್ತದೆ. ಯಾವ ಅನುಮಾನವನ್ನು ಬಾಯಿಬಿಟ್ಟು ಹೇಳಬೇಕು, ಯಾವುದನ್ನು ನುಂಗಿಕೊಳ್ಳಬೇಕು ಎಂದು ಅದಕ್ಕೆ ಅಪ್ಪಣೆ ಕೊಡುವ ಪುಟ್ಟ ಪುಟ್ಟ ಸೂಚನೆಗಳೇ ಫ್ಲ್ಯಾಗುಗಳು. ಮನೋರಮಾ ನೋಡಿಕೊಳ್ಳುವ ಫೈಲಿನಲ್ಲಿ ಅಂಥವು ಇಪ್ಪತ್ಮೂರಿವೆ. ಜಗಳವಾಗುತ್ತಿರುವುದು ಅವುಗಳಲ್ಲಿ ಕೊನೆಯದರ ಬಗ್ಗೆ: ಎಚ್ಚರಿಕೆಯನ್ನೂ ತಪ್ಪೆಂದೇ ಎಣಿಸು, ಒಂದಿದ್ದರೂ ಮುಂದೆ ಹೋಗಬೇಡ.

ಬೆಳಗಿನ ಆ ನಲವತ್ತೊಂದು ನಿಮಿಷವೂ ಅವರೇ ಹಾಕಿಕೊಂಡ ಪದ್ಧತಿ. ಹಗಲು ಹೊತ್ತು ಯಾರೂ ಎಲ್ಲ ಫೈಲುಗಳನ್ನು ಕಂಪೈಲ್ ಮಾಡುವುದಿಲ್ಲ, ತಾವು ಮುಟ್ಟಿದ್ದನ್ನಷ್ಟೇ ಮಾಡಿಕೊಳ್ಳುತ್ತಾರೆ. ಮುಟ್ಟದ ಫೈಲಿನ ಎಚ್ಚರಿಕೆ ಆಗ ಪರದೆಗೆ ಬರುವುದೇ ಇಲ್ಲ, ಎಲ್ಲರೂ ನೆಮ್ಮದಿಯಾಗಿ ಇರುತ್ತಾರೆ. ಮನೋರಮಾ ಮಾತ್ರ ದಿನಾ ಬೆಳಗ್ಗೆ ಹಿಂದಿನದ್ದನ್ನೆಲ್ಲ ಅಳಿಸಿ ಬುಡದಿಂದ ಶುರುಮಾಡುತ್ತಾರೆ, ಎಲ್ಲೂ ಅರ್ಧಕ್ಕೆ ನಿಲ್ಲದೆ ಕೊನೆಯವರೆಗೆ ಓಡಿ ಲೆಕ್ಕ ಒಪ್ಪಿಸು ಎನ್ನುತ್ತಾರೆ. "ಎದ್ದ ಕೂಡಲೇ ಇಡೀ ಮನೆ ಗುಡಿಸುವುದು. ಕಾಲಿಟ್ಟ ಕೋಣೆ ಮಾತ್ರ ಗುಡಿಸಿದ್ರೆ ಅದು ಗುಡಿಸಿದ ಹಾಗೆ ಆಗ್ತದಾ?" ಎಂದು ಕೇಳುತ್ತಾರೆ.

ಕಂಪನಿಯ ಹೆಸರು ಹಾಕಬಾರದೆಂಬ ಷರತ್ತಿನ ಮೇಲೆ ಈ ಲೇಖನಕ್ಕೆ ಒಪ್ಪಿಗೆ ಸಿಕ್ಕಿದೆ. ಮನೋರಮಾ ಅವರ ಷರತ್ತೇ ಬೇರೆ. "ನನ್ನ ಬಗ್ಗೆ ಎಂತ ಬೇಕಾದ್ರೂ ಬರೀರಿ. ಫ್ಲ್ಯಾಗ್ ಬಗ್ಗೆ ತಪ್ಪು ಬರೀಬೇಡಿ."

ಅವರು ಹುಟ್ಟಿದ್ದು ಕಾರ್ಕಳದ ಹತ್ತಿರ. ತಾಯಿ ಅಮ್ಮಣ್ಣಿ ಬೀಡಿ ಕಟ್ಟಿ ಮೂವರು ಮಕ್ಕಳನ್ನು ಓದಿಸಿದರು. ಕಟ್ಟಿದ ಬೀಡಿಯನ್ನು ಬೀಡಿ ಕಂಪನಿಯ ಬ್ರ್ಯಾಂಚಿಗೆ ಒಯ್ದಾಗ ಅಲ್ಲಿನವರು ಒಂದಷ್ಟನ್ನು ಸರಿಯಿಲ್ಲವೆಂದು ತೆಗೆದು ಬದಿಗೆ ಬಿಸಾಡುತ್ತಿದ್ದರು, ಏನು ಸರಿಯಿಲ್ಲ ಎಂದು ಹೇಳುತ್ತಿರಲಿಲ್ಲ. ದಾರಿಯುದ್ದಕ್ಕೂ ಅಮ್ಮ ಅದನ್ನೇ ಗೊಣಗುತ್ತಿದ್ದುದು ಮಗಳಿಗೆ ಇನ್ನೂ ನೆನಪಿದೆ. "ಬಿಸಾಡಿದ್ದಕ್ಕೆ ಅಲ್ಲ ಅಮ್ಮನಿಗೆ ಸಿಟ್ಟು. ಕಾರಣ ಹೇಳ್ಲಿಲ್ಲ ಅಂತ."

ಪದವಿ ಮುಗಿಸಿ ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದರು. ಹದಿಮೂರು ವರ್ಷ ಟೆಲಿಫೋನ್ ಡೈರೆಕ್ಟರಿ, ಪಠ್ಯಪುಸ್ತಕ, ಔಷಧದ ಪಟ್ಟಿ, ಪಂಚಾಂಗ ಎಲ್ಲ ಅವರ ಕಣ್ಣಿನ ಕೆಳಗೆ ಹಾದುಹೋದವು. ಆ ಕೆಲಸ ಕಂಪ್ಯೂಟರಿನ ಪಾಲಾದಾಗ ಮನೋರಮಾ ಕಂಪ್ಯೂಟರಿನ ಮನೆಗೇ ಬಂದರು. ಪೆಟ್ಟಿಗೆಯನ್ನು ಬಳಸುವುದು ಹೇಗೆಂದು ದೋಣಿ ನಡೆಸುವ ತಾಂಡೇಲರಿಗೆ ಕನ್ನಡದಲ್ಲಿ ಪುಸ್ತಕ ಬರೆದುಕೊಡುವುದು ಇಲ್ಲಿ ಅವರ ಮೊದಲ ಕೆಲಸ. ಬಿಲ್ಡ್, ಅಂದರೆ ಎಲ್ಲರ ಫೈಲುಗಳನ್ನು ಒಟ್ಟಿಗೆ ಕಂಪೈಲ್ ಮಾಡಿಸುವ ಕೆಲಸ, ನೋಡಿಕೊಳ್ಳುತ್ತಿದ್ದ ಹುಡುಗ ಏಳು ವರ್ಷದ ಹಿಂದೆ ಕೆಲಸ ಬಿಟ್ಟು ಹೋದ. ಆ ಕುರ್ಚಿಗೆ ಯಾರೂ ಬರಲೊಪ್ಪಲಿಲ್ಲ. ಹೆಸರಿಲ್ಲದ, ಬಡ್ತಿಯಿಲ್ಲದ, ಎಲ್ಲರಿಂದ ಬೈಸಿಕೊಳ್ಳುವ ಕೆಲಸ ಅದು. ನಾಲ್ಕು ದಿನ ನೋಡ್ಕೊಳ್ಳಿ ಅಕ್ಕ ಎಂದು ಅವರ ಕೈಗಿತ್ತರು, ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ. ಓದು ಮುಗಿಸಿ ಊರಿಗೆ ಹೊರಟ ವಿದ್ಯಾರ್ಥಿಗಳು ಮಾರಿ ಹೋದ ಹಳೆಯ ಪುಸ್ತಕಗಳನ್ನು ತಂದು ಅವರು ಪ್ರೋಗ್ರಾಮಿಂಗ್ ಕಲಿತದ್ದು ನಲವತ್ತೆರಡನೆಯ ವಯಸ್ಸಿನಲ್ಲಿ.

ಮಟ್ಟುವಿನಲ್ಲಿ ಗುಳ್ಳ ಬದನೆ ಬೆಳೆಯುವ ಗಂಡ ಶೇಖರ ಅವರಿಗೆ ಹೆಂಡತಿಯ ಕೆಲಸವೇನೆಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧವಿದೆ. "ನಾನು ಗುಳ್ಳ ಬೆಳೆಸುವುದು, ಇವಳು ಹುಳ ಹುಡುಕುವುದು." ಮನೋರಮಾಗೆ ಈ ವಿವರಣೆಯ ಬಗ್ಗೆ ತಕರಾರಿಲ್ಲ.

ತಕರಾರಿರುವುದು 'ಒಂದು ವಾರದ ಮಟ್ಟಿಗೆ' ಎಂಬ ಮಾತಿನ ಬಗ್ಗೆ. ಆ ಮಾತನ್ನು ಅವರು ಐದು ವರ್ಷದ ಹಿಂದೆ ಒಮ್ಮೆ ಕೇಳಿದ್ದರು. ಆಗಲೂ ಅವಸರ, ಆಗಲೂ ಆಗಸ್ಟ್ ಒಂದು. ಫ್ಲ್ಯಾಗ್ ತೆಗೆಯಿರಿ, ವಾರ ಬಿಟ್ಟು ಹಾಕೋಣ ಎಂದರು. ಇವರು ತೆಗೆದರು. ವಾರ ಹದಿನಾಲ್ಕು ತಿಂಗಳಾಯಿತು. ಎಚ್ಚರಿಕೆಗಳು ಎರಡು ಸಾವಿರದ ಒಂಬೈನೂರ ಹದಿನಾಲ್ಕಕ್ಕೆ ಏರಿದವು. ಅಷ್ಟಾದ ಮೇಲೆ ಅವನ್ನು ಓದುವವರು ಯಾರು?

ಆ ರಾಶಿಯ ನಡುವೆ ಒಂದು ಎಚ್ಚರಿಕೆ ದಿನವೂ ಒಂದೇ ಮಾತು ಹೇಳುತ್ತಿತ್ತು: ದೊಡ್ಡ ಅಂಕಿಯನ್ನು ಸಣ್ಣ ಜಾಗದಲ್ಲಿ ಇಡುತ್ತಿದ್ದೀರಿ, ಬೆಲೆ ಬದಲಾದೀತು. ದೋಣಿಯ ಜಾಗ ಕೊನೆಯ ಸಲ ಗೊತ್ತಾಗಿ ಎಷ್ಟು ಸೆಕೆಂಡಾಯಿತು ಎಂದು ಎಣಿಸುವ ಸಾಲು ಅದು. ಕೊಟ್ಟ ಜಾಗದಲ್ಲಿ ಹಿಡಿಸುವುದು ಮೂವತ್ತೆರಡು ಸಾವಿರದ ಏಳುನೂರ ಅರವತ್ತೇಳು ಸೆಕೆಂಡು, ಅಂದರೆ ಒಂಬತ್ತು ಗಂಟೆ ಆರು ನಿಮಿಷ. ಅದು ದಾಟಿದರೆ ಅಂಕಿ ತಿರುಗಿಬಿದ್ದು ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಹತ್ತು ನಿಮಿಷಕ್ಕಿಂತ ಕಡಿಮೆಯಿದ್ದರೆ ಹೊಸ ಸುದ್ದಿ ಎಂದು ನಂಬುವ ಪೆಟ್ಟಿಗೆ ಇದನ್ನೂ ಹೊಸದೆಂದೇ ನಂಬುತ್ತದೆ. ಒಂಬತ್ತು ಗಂಟೆಯ ಹಳೆಯ ಜಾಗವನ್ನು ಈಗಷ್ಟೇ ಕಂಡದ್ದೆಂದು ದಡಕ್ಕೆ ಹೇಳುತ್ತದೆ.

ಕಾಪುವಿನ ಧರ್ಮಪಾಲ ತಾಂಡೇಲರ ದೋಣಿಯಲ್ಲಿ ಆದದ್ದು ಹಾಗೆಯೇ. ಇಂಜಿನ್ ಕೆಟ್ಟು, ಪೆಟ್ಟಿಗೆಯ ಜಾಗ ಹಿಡಿಯುವ ಆಂಟೆನಾಕ್ಕೆ ನೀರು ಹೊಕ್ಕು, ಎಂಟು ಜನರ ದೋಣಿ ಹನ್ನೊಂದು ಗಂಟೆ ಹೊತ್ತು ಸುಮ್ಮನೆ ತೇಲಿತು. ಆಮೇಲೆ ಕೆಂಪು ಗುಂಡಿ ಒತ್ತಿದರು. ದಡದಲ್ಲಿ ಜಾಗ ಕಂಡಿತು, ಹುಡುಕುವವರು ಹೊರಟರು, ಹೋದದ್ದು ದೋಣಿ ಹನ್ನೊಂದು ಗಂಟೆ ಹಿಂದೆ ಇದ್ದ ಕಡೆಗೆ. ಮರುದಿನ ಮಧ್ಯಾಹ್ನ ಆ ದಾರಿಯಲ್ಲಿ ಬಂದ ಇನ್ನೊಂದು ದೋಣಿಯವರು ಕಂಡು ಎಳೆದು ತಂದರು. ಎಂಟೂ ಜನ ಬದುಕಿ ಬಂದರು, ಅದೃಷ್ಟ ಎನ್ನಬೇಕು.

ಧರ್ಮಪಾಲ ಈಗಲೂ ಅದೇ ದೋಣಿಯಲ್ಲಿದ್ದಾರೆ. ಬಲೆಯ ರಾಶಿಯ ಮೇಲೆ ಕೂತು ಹೇಳುತ್ತಾರೆ: "ಪೆಟ್ಟಿಗೆ ಇಲ್ಲದೆ ನನ್ನ ಅಪ್ಪ ನಲವತ್ತು ವರ್ಷ ಹೋಗಿದ್ದಾರೆ. ನಾನೂ ಹೋಗಿದ್ದೇನೆ. ಪೆಟ್ಟಿಗೆ ಇಲ್ಲದಿದ್ರೆ ನಾವು ಜಾಗ್ರತೆ ಮಾಡ್ತೇವೆ. ಸುಳ್ಳು ಹೇಳುವ ಪೆಟ್ಟಿಗೆ ಮಾತ್ರ ಬೇಡ ಮಾರಾಯ್ರೇ. ಗುಂಡಿ ಒತ್ತಿದ ಮೇಲೆ ನಾವು ಕೈ ಕಟ್ಟಿ ಕೂತದ್ದು ಅದನ್ನು ನಂಬಿಯೇ ಅಲ್ವಾ?"

ಈ ಮಾತನ್ನು ಅವರು ಮನೋರಮಾ ಅವರ ಮುಖಕ್ಕೇ ಹೇಳಿದ್ದರು. ಕಾರಣ ಪತ್ತೆಯಾದ ದಿನ ಕಂಪನಿಯಿಂದ ಬಂದರಿಗೆ ಹೋದವರು ಅವರೊಬ್ಬರೇ. ಯಾರೂ ಕಳಿಸಿರಲಿಲ್ಲ. "ಫ್ಲ್ಯಾಗ್ ತೆಗೀಲಿಕ್ಕೆ ಹೇಳಿದವರು ಬೇರೆ. ತೆಗೆದ ಕೈ ನನ್ನದೇ. ಹೇಳಿದ್ರು ಅಂತ ತೆಗ್ದದ್ದು, ಅಷ್ಟೇ ನನ್ನ ಕಾರಣ. ಆ ಎಂಟು ಜನರ ಎದುರು ನಿಂತಾಗ ಆ ಕಾರಣ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ."

ದೋಣಿಯಲ್ಲಿ ನಿಮ್ಮವರು ಯಾರಾದರೂ ಇದ್ದಾರೆಯೇ ಎಂದು ಎಲ್ಲರೂ ಕೇಳುತ್ತಾರಂತೆ. ಈ ಪ್ರಶ್ನೆ ಬಂದರೆ ಅವರ ಹುಬ್ಬು ಗಂಟಾಗುತ್ತದೆ. "ಯಾರೂ ಇಲ್ಲ. ನಮ್ಮದು ಗದ್ದೆ. ನಮ್ಮವರು ಇದ್ರೆ ಮಾತ್ರ ಸರಿ ಕೆಲಸ ಮಾಡ್ಬೇಕು ಅಂತ ಉಂಟಾ?"

ಆವತ್ತು ಬಂದರಿನಿಂದ ಬಂದವರೇ ಮನೋರಮಾ ಫ್ಲ್ಯಾಗನ್ನು ಮತ್ತೆ ಹಾಕಿದರು. ಯಾರನ್ನೂ ಕೇಳಲಿಲ್ಲ. ಕೆಲಸ ಅರ್ಧಂಬರ್ಧ ನಿಂತು ಇಡೀ ಮಹಡಿ ಅವರ ಮೇಲೆ ಹರಿಹಾಯ್ದಿತು. ಆ ಎರಡು ಸಾವಿರದ ಒಂಬೈನೂರ ಚಿಲ್ಲರೆಯನ್ನು ಸೊನ್ನೆಗೆ ತರಲು ಎರಡು ವರ್ಷ ಮೂರು ತಿಂಗಳು ಹಿಡಿಯಿತು. ಅದರ ಜೊತೆಗೇ ಒಂದು ಕಟ್ಟಳೆಯೂ ಬಂತು: ಯಾರಿಗಾದರೂ ಒಂದು ಎಚ್ಚರಿಕೆಯನ್ನು ಮುಚ್ಚಲೇಬೇಕಿದ್ದರೆ ಮುಚ್ಚಬಹುದು, ಆದರೆ ಅದರ ಪಕ್ಕದಲ್ಲೇ ಕಾರಣ ಬರೆಯಬೇಕು, ಕನ್ನಡದಲ್ಲಿ, ಕೆಳಗೆ ಹೆಸರು ಹಾಕಿ. "ಇಂಗ್ಲಿಷಿನಲ್ಲಾದ್ರೆ ಟೆಂಪರರಿ ಅಂತ ಒಂದು ಶಬ್ದ ಬರೆದು ಹೋಗ್ತಾರೆ. ಕನ್ನಡದಲ್ಲಿ ಬರೀಲಿಕ್ಕೆ ಕೂತ್ರೆ ಎಂತ ಮಾಡ್ತಾ ಇದ್ದೇವೆ ಅಂತ ಅವರಿಗೇ ಗೊತ್ತಾಗ್ತದೆ. ಅರ್ಧ ಜನ ಬರೆಯುವ ಮೊದಲೇ ಎದ್ದು ಹೋಗಿ ಕೋಡ್ ಸರಿ ಮಾಡ್ತಾರೆ." ಕನ್ನಡ ಬಾರದವರು ಅಕ್ಕಪಕ್ಕದವರಿಂದ ಬರೆಸಿಕೊಳ್ಳಬೇಕು, ಅಂದರೆ ಬಾಯಿಬಿಟ್ಟು ಹೇಳಬೇಕು. ಅದು ಇನ್ನೂ ಕಷ್ಟ.

ಜಾಣರು ಎಲ್ಲ ಕಡೆ ಇರುತ್ತಾರೆ. ಈ ಜೂನಿನಲ್ಲಿ ಹೊಸ ಕಂಪೈಲರ್ ಬಂತು. ಹಳೆಯದಕ್ಕಿಂತ ಅದರ ಕಣ್ಣು ಚುರುಕು. ಸೊನ್ನೆಯಿದ್ದ ಕಡೆ ಒಮ್ಮೆಲೇ ಸಾವಿರದ ನೂರ ನಲವತ್ತಮೂರು ಎಚ್ಚರಿಕೆ. ಹಂಚಿಕೊಂಡು ದಿನಕ್ಕಿಷ್ಟೆಂದು ಇಳಿಸುತ್ತಿರುವಾಗ, ಜುಲೈ ಹತ್ತರ ಬೆಳಗ್ಗೆ ಲೆಕ್ಕದಲ್ಲಿ ಒಟ್ಟಿಗೇ ಮೂವತ್ತೇಳು ಕಡಿಮೆಯಾಗಿತ್ತು. ಹಿಂದಿನ ದಿನ ಸಂಜೆ ಉಳಿದವರು ಪೆರ್ಡೂರಿನ ಅಕ್ಷಿತ್ ಒಬ್ಬರೇ. ಮೂರು ವರ್ಷದ ಅನುಭವಿ, ಕೆಲಸದಲ್ಲಿ ಚುರುಕು. ಬೆಳಗ್ಗೆ ಎಲ್ಲರೂ ಅವರ ಬೆನ್ನು ತಟ್ಟಿದರು. ಮನೋರಮಾ ತಟ್ಟಲಿಲ್ಲ.

ಹೊರಗಿನವರು ಬರೆದು ಕಂಪನಿ ಎರವಲು ತಂದ ಪ್ರೋಗ್ರಾಮುಗಳಿಗೆಂದು ಒಂದು ಫೋಲ್ಡರ್ ಇದೆ. ಅದು ಇಲ್ಲಿನವರು ತಿದ್ದುವಂಥದ್ದಲ್ಲವಾದ್ದರಿಂದ ಅಲ್ಲಿ ಎಚ್ಚರಿಕೆಗಳನ್ನು ಕೇಳುವುದಿಲ್ಲ. ಅಕ್ಷಿತ್ ತಮ್ಮ ಫೈಲನ್ನು ಒಂದಕ್ಷರ ಬದಲಿಸದೆ ಎತ್ತಿಕೊಂಡು ಹೋಗಿ ಆ ಫೋಲ್ಡರಿನೊಳಗೆ ಇಟ್ಟಿದ್ದರು. ತನ್ನ ಮಗುವನ್ನು ಪಕ್ಕದ ಮನೆಯದ್ದೆಂದು ಹೇಳಿದ ಹಾಗೆ. ಮನೋರಮಾ ಅದನ್ನು ಹತ್ತು ನಿಮಿಷದಲ್ಲಿ ಹಿಡಿದರು.

"ಇದು ಬರೆದದ್ದು ಯಾರು?" ಎಂದು ಕೇಳಿದರು.

"ನಾನೇ, ಮನೋರಮಕ್ಕ."

"ಹಾಗಾದ್ರೆ ಮನೆಗೆ ಕರ್ಕೊಂಡು ಬಾ."

ಅಕ್ಷಿತ್ ಮೂರು ದಿನ ಕೂತು ಮೂವತ್ತೇಳನ್ನೂ ಬಿಡಿಸಿದರು. ಅವುಗಳಲ್ಲಿ ಮೂವತ್ತೈದು ಬರಿಯ ಒಣ ತಕರಾರು. ಎರಡು ನಿಜವಾದ ತಪ್ಪು. "ಆ ಎರಡಕ್ಕಾಗಿ ಮೂವತ್ತೈದನ್ನು ಕೇಳಿಸಿಕೊಳ್ಬೇಕು ಅಂತ ನನಗೆ ಮೊದಲು ಅನಿಸಿರ್ಲಿಲ್ಲ" ಎಂದು ಅವರು ಈಗ ಸಂಕೋಚವಿಲ್ಲದೆ ಒಪ್ಪಿಕೊಳ್ಳುತ್ತಾರೆ.

ಹತ್ತೂವರೆ. ಮೀಟಿಂಗ್ ಕೋಣೆಯಲ್ಲಿ ಹನ್ನೊಂದು ಜನ. ಇಡೀ ಕೆಲಸದ ಮುಖ್ಯಸ್ಥರು ಜಿತೇಶ್, ಮೂವತ್ತೆಂಟರ ಆಸುಪಾಸಿನವರು. ಅವರು ಕೆಟ್ಟವರಲ್ಲ, ಇದನ್ನು ಹೇಳಲೇಬೇಕು. ಐದು ವರ್ಷದ ಹಿಂದೆ ಅವರು ಇಲ್ಲಿರಲಿಲ್ಲ. ಮಲ್ಪೆಯಿಂದ ದಿನಕ್ಕೆ ಹತ್ತು ಫೋನ್ ಬರುವುದು ಅವರಿಗೆ, ಬೇರೆ ಯಾರಿಗೂ ಅಲ್ಲ.

"ಮನೋರಮಕ್ಕ, ಹತ್ತು ದಿನ. ನಾನೇ ನಿಂತು ವಾಪಸ್ ಹಾಕಿಸ್ತೇನೆ."

"ಇಲ್ಲ."

"ಅರವತ್ತೊಂದರಲ್ಲಿ ಐವತ್ತೈದು ಎಂತದ್ದೂ ಅಲ್ಲದ್ದು ಅಂತ ನಿಮಗೂ ಗೊತ್ತುಂಟು."

"ಯಾವ ಐವತ್ತೈದು ಅಂತ ನಿಮಗೆ ಗೊತ್ತುಂಟಾ? ನನಗೆ ಗೊತ್ತಿಲ್ಲ."

ಜಿತೇಶ್ ಫ್ಲ್ಯಾಗುಗಳ ಫೈಲನ್ನೇ ಗೋಡೆಯ ದೊಡ್ಡ ಪರದೆಗೆ ತರುತ್ತಾರೆ, ಕೆಳಗಿಳಿಸುತ್ತ ಹೋಗಿ ಒಂದು ಕಡೆ ನಿಲ್ಲಿಸುತ್ತಾರೆ. "ನಮ್ಮ ಕೋಡಿನಲ್ಲಿ ಈಗ ಮುಚ್ಚಿಟ್ಟ ಎಚ್ಚರಿಕೆ ಒಂದೇ ಒಂದು ಉಂಟು. ನಿನ್ನೆ ನೋಡಿದೆ. ಓದ್ತೇನೆ ಕೇಳಿ." ಎಂದು ಗಟ್ಟಿಯಾಗಿ ಓದುತ್ತಾರೆ: ಬ್ಯಾಟರಿ ಫೈಲಿನ ಈ ಎಚ್ಚರಿಕೆ ನನಗೆ ಅರ್ಥವಾಗಲಿಲ್ಲ, ಯಾರನ್ನಾದರೂ ಕೇಳಬೇಕು. ಕೆಳಗೆ ಮನೋರಮಾ ಎಂದು ಹೆಸರು, ಏಳು ವರ್ಷದ ಹಿಂದಿನ ತಾರೀಕು.

ಕೋಣೆಯಲ್ಲಿ ನಗು ಹಬ್ಬುತ್ತದೆ. ಕೆಟ್ಟ ನಗುವಲ್ಲ, ಆದರೂ ನಗುವೇ. ಆ ಕಟ್ಟಳೆಗೂ ಮೊದಲು, ಕುರ್ಚಿಗೆ ಬಂದ ಮೊದಲ ತಿಂಗಳು ಮನೋರಮಾ ಬರೆದ ಸಾಲು ಅದು. ಮೊದಲ ವರ್ಷ ಅದು ಅಲ್ಲಿದೆ ಎಂದು ಚುಚ್ಚುತ್ತಿತ್ತು, ಆಮೇಲೆ ಕಣ್ಣಿಗೆ ಅಭ್ಯಾಸವಾಯಿತು. ಬೆಳಗ್ಗೆ ಸೊನ್ನೆ ಎಂದು ಓದಿದ್ದು ಒಂದು ದಿನವೂ ಸೊನ್ನೆಯಾಗಿರಲಿಲ್ಲ. ಹದಿಮೂರು ವರ್ಷ ಊರವರ ಕರಡು ತಿದ್ದಿದ ಹೆಂಗಸಿಗೆ ಇದಕ್ಕಿಂತ ದೊಡ್ಡ ನಾಚಿಕೆ ಬೇರೆ ಇಲ್ಲ.

"ನೀವು ಒಂದನ್ನು ಏಳು ವರ್ಷ ಮುಚ್ಚಬಹುದಾದ್ರೆ ನಾವು ಅರವತ್ತೊಂದನ್ನು ಹತ್ತು ದಿನ ಮುಚ್ಚಬಾರದಾ?" ಎಂದು ಜಿತೇಶ್ ಮೆತ್ತಗೆ ಕೇಳುತ್ತಾರೆ.

ಮನೋರಮಾ ಏಳುತ್ತಾರೆ. ಮೇಜು ಸುತ್ತಿ ಬಂದು, "ಸ್ವಲ್ಪ ಕೀಬೋರ್ಡ್ ಕೊಡಿ" ಎನ್ನುತ್ತಾರೆ. ಎಲ್ಲರೂ ನೋಡುತ್ತಿರುವಂತೆಯೇ ತಮ್ಮ ಹೆಸರಿನ ಆ ಸಾಲನ್ನು ಅಳಿಸುತ್ತಾರೆ. ಬ್ಯಾಟರಿ ಫೈಲನ್ನು ಕಂಪೈಲ್ ಮಾಡುತ್ತಾರೆ. ಗೋಡೆಯ ಮೇಲೆ ಕೆಂಪು ಸಾಲು ಬರುತ್ತದೆ, ಏಳು ವರ್ಷದಿಂದ ಕಾದಿದ್ದದ್ದು.

"ಈಗ ಅರವತ್ತೆರಡು" ಎನ್ನುತ್ತಾರೆ.

ಯಾರೂ ನಗುವುದಿಲ್ಲ. ಮನೋರಮಾ ನಿಂತೇ ಮಾತಾಡುತ್ತಾರೆ. "ನಾನು ಮಾಡಿದ್ದು ತಪ್ಪು. ತಪ್ಪು ಅಂತ ನೀವೇ ಇವತ್ತು ತೋರಿಸಿದ್ರಿ, ಒಳ್ಳೇದಾಯ್ತು. ನನ್ನ ತಪ್ಪು ಅರವತ್ತೊಂದು ತಪ್ಪಿಗೆ ಪರ್ಮಿಷನ್ ಅಲ್ಲ. ಒಂದನೇ ತಾರೀಕಿಗೆ ದೋಣಿ ಹಳೆಯ ಸಾಫ್ಟ್‌ವೇರಿನಲ್ಲೇ ಹೋಗ್ಲಿ. ಅದರಲ್ಲಿ ಬ್ಯಾಟರಿದು ಒಂದು ಉಂಟು, ಅದನ್ನು ಇವತ್ತೇ ನೋಡ್ತೇನೆ, ಎಂತ ಉಂಟೋ ಅದನ್ನು ತಾಂಡೇಲರಿಗೆ ನಾನೇ ಹೋಗಿ ಹೇಳ್ತೇನೆ. ಫ್ಲ್ಯಾಗ್ ನಾನು ತೆಗೆಯುವುದಿಲ್ಲ. ನೀವು ತೆಗೀರಿ, ನಿಮಗೆ ಅಧಿಕಾರ ಉಂಟು. ಕಾರಣ ಬರೆದು ಹೆಸರು ಹಾಕಿ."

ಕೀಬೋರ್ಡನ್ನು ಜಿತೇಶ್ ಕಡೆಗೆ ತಳ್ಳುತ್ತಾರೆ. ಜಿತೇಶ್ ಬೆರಳು ಅದರ ಮೇಲಿಟ್ಟುಕೊಂಡು ಕೂರುತ್ತಾರೆ. ಒಂದು ಶಬ್ದ ಬರೆಯುತ್ತಾರೆ, ಅಳಿಸುತ್ತಾರೆ. ಇನ್ನೊಂದು ಬರೆಯುತ್ತಾರೆ. ಅದನ್ನೂ ಅಳಿಸಿ ಫೋನ್ ಎತ್ತಿಕೊಂಡು ವರಾಂಡಕ್ಕೆ ಹೋಗುತ್ತಾರೆ. ಹೊಸ ಸಾಫ್ಟ್‌ವೇರ್ ಒಂದನೇ ತಾರೀಕಿಗಿಲ್ಲ, ಮೊದಲ ಸುತ್ತು ಮುಗಿಸಿ ದೋಣಿಗಳು ಬಂದ ಹಾಗೆ ಒಂದೊಂದಕ್ಕೇ ಹಾಕುತ್ತೇವೆ ಎಂದು ಮಲ್ಪೆಯವರಿಗೆ ಹೇಳುವುದು ಒಳಗಿನವರಿಗೂ ಕೇಳಿಸುತ್ತದೆ. ಆ ಕಡೆಯಿಂದ ಬೈಗುಳ ಬರುತ್ತಿರಬೇಕು, ಹೌದು ಹೌದು ಎನ್ನುತ್ತಲೇ ಇದ್ದಾರೆ.

ಮನೋರಮಾ ಮೂಲೆಯ ಕುರ್ಚಿಗೆ ಮರಳಿ ಬ್ಯಾಟರಿ ಫೈಲನ್ನು ತೆರೆಯುತ್ತಾರೆ. ಅಕ್ಷಿತ್ ಹಿಂದೆ ಬಂದು ನಿಲ್ಲುತ್ತಾರೆ.

"ಅದು ನನಗೆ ಗೊತ್ತಾಗ್ತದೆ ಮನೋರಮಕ್ಕ, ಐದು ನಿಮಿಷದ ಕೆಲಸ. ನಾನು ಮಾಡ್ಲಾ?"

"ಬೇಡ. ಹೇಗೆ ಅಂತ ಹೇಳಿಕೊಡು, ಮಾಡುವುದು ನಾನು" ಎನ್ನುತ್ತಾರೆ ಮನೋರಮಾ, ಪರದೆಯಿಂದ ಕಣ್ಣು ಕೀಳದೆ. "ಇದು ನನ್ನ ಹೆಸರಿನದ್ದು."